ಗೇಮ್ ಫೈಲ್ ಬಿಚ್ಚಿ ನೋಡೋ ಮಗ: ಇದು ಹ್ಯಾಕಿಂಗಾ? ಅದರೊಳಗೆ ಉಳಿದಿರೋದೆಲ್ಲ ಏನು?

ಪ್ರಶ್ನೆ: ಸರ್, ನಾವು ಹನುಮಂತನಗರದವ್ರು. ಮಗ ಸೆಕೆಂಡ್ ಪಿಯುಸಿ ಸೈನ್ಸ್, 17 ವರ್ಷ. ಮೂರ್ನಾಲ್ಕು ತಿಂಗಳಿಂದ ಗೇಮ್ ಆಡೋದು ಕಮ್ಮಿ ಮಾಡಿ ಗೇಮಿನ ಫೈಲ್‌ಗಳನ್ನ ಬಿಚ್ಚಿ ನೋಡೋಕೆ ಶುರು ಮಾಡಿದಾನೆ. ನನ್ನ ತಮ್ಮ ಕಾಲೇಜಲ್ಲಿದ್ದಾಗ ತಗೊಂಡಿದ್ದ ಜಿಟಿಎ ಸ್ಯಾನ್ ಆಂಡ್ರಿಯಾಸ್ ಡಿಸ್ಕ್‌ನಿಂದ ಇದೆಲ್ಲ ಶುರುವಾಗಿದ್ದು. ಆಟದಲ್ಲಿ ಎಲ್ಲೂ ಕಾಣದ ವಸ್ತುಗಳು, ಯಾರೂ ಕೇಳದ ಡೈಲಾಗು ಒಳಗಿವೆ ಅಂತಾನೆ. ತಮ್ಮ ಮೊನ್ನೆ ಬಂದಾಗ ಅದರಲ್ಲಿ ಅಶ್ಲೀಲ ದೃಶ್ಯನೂ ಬಚ್ಚಿಟ್ಟಿದಾರೆ ಅಂದ, ಆವತ್ತಿಂದ ನನಗೆ ಸಮಾಧಾನ ಇಲ್ಲ. ಕಳೆದ ವಾರ ಯಾವುದೋ ಟೂಲ್ ಡೌನ್‌ಲೋಡ್ ಮಾಡಿದ, ಆಂಟಿವೈರಸ್ ಕೆಂಪು ತೋರಿಸ್ತು. ಅವನ ಫ್ರೆಂಡ್ ಒಬ್ಬ ಬಿಜಿಎಂಐ ಅನ್ನೋ ಆನ್‌ಲೈನ್ ಗೇಮಿನ ಫೈಲ್ ಬದಲಾಯಿಸಿದ್ದಕ್ಕೆ ಐಡಿ ಬ್ಯಾನ್ ಆಗಿದೆಯಂತೆ. ಈಗ ಹೊಸದು, ಬೆಂಗಳೂರಿನದ್ದೇ ಒಂದು ಸಣ್ಣ ಟೀಮ್ ಮಾಡಿರೋ ಮೊಬೈಲ್ ಗೇಮಿನ ಒಳಗೆ ಯಾರದ್ದೋ ಫೋನ್ ನಂಬರು, ಇಮೇಲು, ಪಾಸ್‌ವರ್ಡ್ ಥರ ಕಾಣೋ ಒಂದು ಸಾಲು ಸಿಕ್ಕಿದೆ. ವಿಡಿಯೊ ಮಾಡಿ ಹಾಕ್ತೀನಿ ಅಂತಿದಾನೆ. ಇದು ಹ್ಯಾಕಿಂಗಾ? ಪೊಲೀಸ್ ಕೇಸ್ ಆಗುತ್ತಾ? ಬಿಡಿಸ್ಬೇಕಾ?

ಉತ್ತರ: ಮೇಡಂ, ನೀವು ಕೊನೇಲಿ ಬರೆದಿದ್ದನ್ನೇ ಮೊದಲು ಹೇಳ್ಬಿಡ್ತೀನಿ, ಯಾಕಂದ್ರೆ ಅವಸರ ಇರೋದು ಅದೊಂದಕ್ಕೇ. ಆ ವಿಡಿಯೊ ಸದ್ಯಕ್ಕೆ ಬೇಡ, ಆ ಪಾಸ್‌ವರ್ಡ್ ಹಾಕಿ ಎಲ್ಲಾದ್ರೂ ಲಾಗಿನ್ ಆಗುತ್ತಾ ಅಂತ ನೋಡೋದಂತೂ ಬೇಡವೇ ಬೇಡ, ಇದನ್ನ ಇವತ್ತೇ ಅವನಿಗೆ ಹೇಳಿ. ಉಳಿದಿದ್ದಕ್ಕೆಲ್ಲ ಟೈಮ್ ಇದೆ, ನಿಧಾನಕ್ಕೆ ಮಾತಾಡೋಣ.

ನಾನು ಹದಿನೈದು ವರ್ಷದಿಂದ ಇದೇ ಊರಲ್ಲಿ ಗೇಮ್ ಟೆಸ್ಟಿಂಗು, ಆಮೇಲೆ ರಿಲೀಸ್‌ಗೆ ಬಿಲ್ಡ್, ಅಂದ್ರೆ ಜನರ ಕೈಗೆ ಹೋಗೋ ಆಟದ ಪ್ರತಿ, ಕಟ್ಟೋ ಕೆಲಸ ಮಾಡ್ಕೊಂಡು ಬಂದೋನು. ನಿಮ್ಮ ಮಗ ಹೊರಗಡೆಯಿಂದ ಹುಡುಕ್ತಿರೋದನ್ನ ನಾವು ಒಳಗಡೆ ಕೂತು ಬಿಟ್ಟು ಕಳಿಸಿರ್ತೀವಿ, ಹಾಗಾಗಿ ಅದು ಯಾಕೆ ಅಲ್ಲಿರುತ್ತೆ ಅನ್ನೋದನ್ನ ನಾನು ಹೇಳಬಲ್ಲೆ.

ನಿಮ್ಮ ತಮ್ಮ "ಬಚ್ಚಿಟ್ಟಿದಾರೆ" ಅಂದ್ರಲ್ಲ, ಅಲ್ಲೇ ಸ್ವಲ್ಪ ಎಡವಟ್ಟಾಗೋದು. ಬಚ್ಚಿಟ್ಟಿದ್ದು ಬೇರೆ, ಬಿಟ್ಟುಹೋಗಿದ್ದು ಬೇರೆ. ಬಚ್ಚಿಟ್ಟಿದ್ದನ್ನ ಈಸ್ಟರ್ ಎಗ್ ಅಂತಾರೆ, ಯಾರಾದ್ರೂ ಹುಡುಕ್ಲಿ ಅಂತಾನೇ ಇಟ್ಟಿರ್ತಾರೆ. ಅಟಾರಿ ಕಂಪನಿಯ ಅಡ್ವೆಂಚರ್ ಅನ್ನೋ ಆಟದಲ್ಲಿ ವಾರೆನ್ ರಾಬಿನೆಟ್ ಅನ್ನೋರು ಒಂದು ಗುಟ್ಟಿನ ಕೋಣೆ ಮಾಡಿ ಒಳಗೆ ತಮ್ಮ ಹೆಸರು ಬರೆದಿಟ್ರು, ಯಾಕಂದ್ರೆ ಆಗ ಅಟಾರಿ ಆಟ ಮಾಡಿದವರ ಹೆಸರು ಎಲ್ಲೂ ಹಾಕ್ತಿರಲಿಲ್ಲ. ಆ ಕೋಣೆಗೆ ಹೋಗ್ಬೇಕಂದ್ರೆ ಒಂದು ಪಿಕ್ಸೆಲ್‌ನಷ್ಟು ಸಣ್ಣ ಬೂದು ಚುಕ್ಕಿ ಹುಡುಕಿ ಎತ್ಕೋಬೇಕಿತ್ತು. ನಿಮ್ಮ ತಮ್ಮನ ಕಾಲದ ಇನ್ನೊಂದು ಜಿಟಿಎ ಆಟ ವೈಸ್ ಸಿಟೀಲೂ ಒಂದು ಬಿಲ್ಡಿಂಗಿನ ಕಿಟಕಿ ಒಳಕ್ಕೆ ಹಾರಿದ್ರೆ ಚಾಕೊಲೇಟ್ ಮೊಟ್ಟೆ ಇತ್ತು, ಅವ್ರನ್ನ ಕೇಳಿ, ನೆನಪಿರುತ್ತೆ. ಸ್ಯಾನ್ ಆಂಡ್ರಿಯಾಸ್‌ನಲ್ಲಿ ದೊಡ್ಡ ಸೇತುವೆಯ ತುದಿಗೆ ಹತ್ತಿದ್ರೆ "ಇಲ್ಲಿ ಯಾವ ಈಸ್ಟರ್ ಎಗ್ಗೂ ಇಲ್ಲ, ಹೋಗು" ಅಂತ ಬೋರ್ಡು.

ಬಿಟ್ಟುಹೋಗಿದ್ದು ಹಾಗಲ್ಲ. ಅದನ್ನ ಯಾರೂ ನೋಡ್ಲಿ ಅಂತ ಇಟ್ಟಿರಲ್ಲ. ನಮ್ಮೂರಲ್ಲಿ ಎಷ್ಟೋ ಮನೆ ಟೆರೇಸ್ ಮೇಲೆ ಪಿಲ್ಲರ್ ಕಂಬಿ ಹಾಗೇ ಎದ್ದು ನಿಂತಿರ್ತವಲ್ಲ, ಮುಂದೆ ಇನ್ನೊಂದು ಫ್ಲೋರ್ ಹಾಕೋಣ ಅಂತ ಬಿಟ್ಟಿದ್ದು, ದುಡ್ಡು ಸಾಲಲಿಲ್ಲ, ಮಕ್ಕಳು ಬೇರೆ ಊರಿಗೆ ಹೋದ್ರು, ಕಂಬಿ ಅಲ್ಲೇ ಉಳೀತು. ಕತ್ತರಿಸ್ಬಹುದಿತ್ತು, ಆದ್ರೆ ಕತ್ತರಿಸೋಕೂ ಜನ ಕರೀಬೇಕು, ಖರ್ಚು, ಇರೋದಕ್ಕೆ ಪೆಟ್ಟಾದ್ರೆ ಅನ್ನೋ ಭಯ ಬೇರೆ. ಗೇಮಲ್ಲೂ ಕಥೆ ಇದೇ.

ಒಂದು ಉದಾಹರಣೆ ಹೇಳ್ತೀನಿ. ಮೊದಲು ನಾನು ಕೆಲಸ ಮಾಡ್ತಿದ್ದ ಕಡೆ ಒಂದು ಆಟದಿಂದ ಅಂಗಡಿ ಇರೋ ಒಂದು ಬೀದೀನ ಪೂರ್ತಿ ಕೈಬಿಟ್ರು. ರಿಲೀಸ್‌ಗೆ ಒಂಬತ್ತು ದಿನ ಇದೆ ಅನ್ನುವಾಗ ಒಬ್ಬರು, ಹೇಗೂ ಬಳಸಲ್ವಲ್ಲ, ಸೈಜ್ ಆದ್ರೂ ಕಮ್ಮಿ ಆಗ್ಲಿ ಅಂತ ಆ ಬೀದಿಯ ಚಿತ್ರಗಳ ಫೋಲ್ಡರ್ ಅಳಿಸಿದ್ರು, ಮಾರನೇ ದಿನ ಮೂರನೇ ಲೆವೆಲ್‌ಗೆ ಹೋದ ತಕ್ಷಣ ಆಟ ಕ್ರ್ಯಾಶ್, ನೋಡಿದ್ರೆ ಆ ಅಂಗಡಿಯ ಒಂದು ಬಾಗಿಲಿನ ಚಿತ್ರಾನ ಮೂರನೇ ಲೆವೆಲ್‌ನ ಒಂದು ಗೋಡೌನ್ ಬಾಗಿಲಿಗೂ ಯಾರೋ ಹಾಕಿದ್ರು, ಅದು ಯಾರ ಲಿಸ್ಟಲ್ಲೂ ಇರಲಿಲ್ಲ. ಅದನ್ನ ಹುಡುಕೋಕೆ ನಾವು ಮೂರು ಜನ ರಾತ್ರಿ ಎರಡೂವರೆವರೆಗೂ ಕೂತಿದ್ವಿ. ಅವತ್ತಿಂದ ಕೊನೇ ದಿನಗಳಲ್ಲಿ ಏನನ್ನೂ ಅಳಿಸ್ಬೇಡಿ, ಅಲ್ಲಿಗೆ ಹೋಗೋ ದಾರಿ ಮಾತ್ರ ಮುಚ್ಚಿ ಅನ್ನೋದನ್ನ ನಾನು ಎಲ್ಲ ಹೊಸಬರಿಗೂ ಹೇಳ್ತೀನಿ. ಅಳಿಸೋದೂ ಒಂದು ಬದಲಾವಣೆ, ಬದಲಾವಣೆ ಅಂದ್ಮೇಲೆ ಎಲ್ಲಾನೂ ಮತ್ತೆ ಟೆಸ್ಟ್ ಮಾಡ್ಬೇಕು, ಅದಕ್ಕೆ ದಿನ ಇರಲ್ಲ.

ಇದು ನಮ್ಮ ಊರಿನ ಕಷ್ಟ ಮಾತ್ರ ಅಲ್ಲ. 1986ರಲ್ಲಿ ಗ್ರೇಡಿಯಸ್ ಅನ್ನೋ ಆಟಾನ ನಿಂಟೆಂಡೊ ಮೆಷಿನ್‌ಗೆ ತರುವಾಗ ಕಝುಹಿಸಾ ಹಶಿಮೊಟೊ ಅನ್ನೋರು, ಆಟ ತುಂಬ ಕಷ್ಟ ಇದೆ, ಟೆಸ್ಟ್ ಮಾಡೋಕೆ ಅನುಕೂಲ ಆಗ್ಲಿ ಅಂತ ಬಟನ್‌ಗಳನ್ನ ಒಂದು ಕ್ರಮದಲ್ಲಿ ಒತ್ತಿದ್ರೆ ಎಲ್ಲ ಪವರೂ ಸಿಗೋ ಹಾಗೆ ಮಾಡ್ಕೊಂಡಿದ್ರು. ಅದು ತೆಗೀದೇನೇ ಆಟದ ಜೊತೆ ಹೊರಟೋಯ್ತು, ಈಗ ಜಗತ್ತೆಲ್ಲ ಅದನ್ನ ಕೊನಾಮಿ ಕೋಡ್ ಅನ್ನುತ್ತೆ. 1997ರ ಗೋಲ್ಡನ್ ಐ ಅನ್ನೋ ಆಟದ ಕ್ಯಾಸೆಟ್ ಒಳಗೆ ಝಡ್‌ಎಕ್ಸ್ ಸ್ಪೆಕ್ಟ್ರಮ್ ಅನ್ನೋ ಹಳೇ ಕಂಪ್ಯೂಟರಿನ ಥರಾನೇ ನಡೆಯೋ ಎಮ್ಯುಲೇಟರ್ ಅನ್ನೋ ಸಾಫ್ಟ್‌ವೇರೂ ಅದರ ಹತ್ತು ಆಟಗಳೂ ಸ್ವಿಚ್ ಆಫ್ ಆಗಿ ಕೂತಿದ್ವು, ಜನಕ್ಕೆ ಗೊತ್ತಾಗಿದ್ದು 2012ರಲ್ಲಿ. ಹದಿನೈದು ವರ್ಷ! ಅಷ್ಟು ವರ್ಷ ಮನೆಮನೇಲಿ ಆ ಕ್ಯಾಸೆಟ್ ಇತ್ತು. ಸ್ಕೈರಿಮ್ ಅನ್ನೋ ಆಟದಲ್ಲಿ ಟೆಸ್ಟರ್‌ಗಳಿಗೆ ಅಂತ ಮಾಡಿದ ಒಂದು ಕೋಣೆ ಇದೆ, ಆಟದ ಕತ್ತಿ, ಬಟ್ಟೆ, ಪುಸ್ತಕ ಎಲ್ಲ ಅಲ್ಲಿ ಪೆಟ್ಟಿಗೆಗಳಲ್ಲಿ ತುಂಬಿಟ್ಟಿದಾರೆ, ನಮ್ಮ ಕಡೆ ಸ್ಟೋರ್ ರೂಮ್ ಅಂತಾರಲ್ಲ ಹಾಗೆ.

ನನಗೆ ತುಂಬ ಇಷ್ಟ ಅಂದ್ರೆ ಪೋಕೆಮಾನ್ ಕಥೆ. 1996ರಲ್ಲಿ ಮೊದಲ ಆಟ ಮುಗೀತಾ ಬಂದಾಗ ಡೀಬಗ್ ಮಾಡೋ, ಅಂದ್ರೆ ತಪ್ಪು ಹುಡುಕಿ ಸರಿಮಾಡೋ, ಟೂಲ್‌ಗಳನ್ನ ತೆಗೆದ್ರು, ಸುಮಾರು 300 ಬೈಟ್ ಜಾಗ ಉಳೀತು. 300 ಬೈಟ್ ಅಂದ್ರೆ ಇಂಗ್ಲಿಷಲ್ಲಿ ನಾಲ್ಕೈದು ಸಾಲಿನ ಒಂದು ಮೆಸೇಜು ಅಷ್ಟೇ. ಆ ಜಾಗಕ್ಕೆ ಶಿಗೆಕಿ ಮೊರಿಮೊಟೊ ಅನ್ನೋ ಪ್ರೋಗ್ರಾಮರ್ ಮ್ಯೂ ಅನ್ನೋ ಪ್ರಾಣೀನ ಸೇರಿಸಿಬಿಟ್ರು. ಆಡೋರಿಗೆ ಅದು ಸಿಗ್ಬಾರ್ದಿತ್ತು, ಆದ್ರೆ ಬಗ್‌ಗಳಿಂದ ಅಲ್ಲಿ ಇಲ್ಲಿ ಸಿಗೋಕೆ ಶುರುವಾಯ್ತು, ಹಿಂದೇನೇ ವದಂತಿನೂ ಹುಟ್ಕೊಳ್ತು, ಹಡಗಿನ ಹತ್ರ ನಿಂತಿರೋ ಒಂದು ಲಾರಿ ತಳ್ಳಿದ್ರೆ ಕೆಳಗೆ ಮ್ಯೂ ಇದೆ ಅಂತ. ಲಾರಿ ನಿಜ, ಮ್ಯೂನೂ ನಿಜ, ಲಾರಿ ಕೆಳಗೆ ಮಾತ್ರ ಏನೂ ಇಲ್ಲ.

ವದಂತಿಗಳು ಯಾವಾಗ್ಲೂ ಹೀಗೇ, ಅರ್ಧ ನಿಜದ ಮೇಲೆ ನಿಂತಿರ್ತವೆ. ಸ್ಯಾನ್ ಆಂಡ್ರಿಯಾಸ್ ಕಾಡಲ್ಲಿ ಬಿಗ್‌ಫುಟ್ ಅನ್ನೋ ದೈತ್ಯ ವಾನರ ಇದೆ ಅನ್ನೋದನ್ನ ಮಲ್ಲೇಶ್ವರದ ಸೈಬರ್ ಕೆಫೆಗಳಲ್ಲಿ ಆಣೆ ಹಾಕಿ ಹೇಳ್ತಿದ್ರು, ಗಂಟೆಗೆ ಇಷ್ಟು ಅಂತ ಕೊಟ್ಟು ನಾವು ಹುಡುಗ್ರು ರಾತ್ರಿ ಕಾಡಲ್ಲಿ ಬೈಕ್ ಓಡಿಸ್ಕೊಂಡು ಹುಡುಕಿದ್ದೇ ಹುಡುಕಿದ್ದು. ಫೈಲ್ ಬಿಚ್ಚಿ ನೋಡೋ ಜನ ಒಂದೊಂದೂ ತೆಗೆದು ನೋಡಿ ಅಂಥ ಯಾವ ಮಾಡೆಲ್ಲೂ ಇಲ್ಲ ಅಂತ ತೋರಿಸಿದ್ರು, ಆಮೇಲೆ 2013ರ ಜಿಟಿಎ 5ರಲ್ಲಿ ಮಾಡಿದವ್ರೇ ಬಿಗ್‌ಫುಟ್ ಹುಡುಕೋ ಒಂದು ಮಿಷನ್ ಇಟ್ರು. ಮಾರ್ಟಲ್ ಕಾಂಬ್ಯಾಟ್ ಅನ್ನೋ ಹೊಡೆದಾಟದ ಆಟದಲ್ಲಂತೂ ಟೆಸ್ಟ್ ಮೆನುವಿನಲ್ಲಿ ಎರರ್ ಮ್ಯಾಕ್ರೊ ಅನ್ನೋದನ್ನ ಚಿಕ್ಕದು ಮಾಡಿ ಎರ್ಮ್ಯಾಕ್ಸ್ ಅಂತ ಒಂದು ಸಾಲು ಇತ್ತು, ಜನ ಅದು ಗುಟ್ಟಿನ ಫೈಟರ್ ಹೆಸರು ಅಂತ ಅಂದ್ಕೊಂಡ್ರು, ಕೊನೆಗೆ 1995ರಲ್ಲಿ ಕಂಪನೀನೇ ಎರ್ಮ್ಯಾಕ್ ಅನ್ನೋ ಫೈಟರನ್ನ ತಂದುಬಿಡ್ತು. ನಿಮ್ಮ ಮಗನಿಗೆ ಇದನ್ನ ಖಂಡಿತ ಹೇಳಿ: ಒಂದು ಫೈಲ್ ಹೆಸರು ಸಿಕ್ಕಿದ ಮಾತ್ರಕ್ಕೆ ಅದರ ಹಿಂದೆ ಒಂದು ಪೂರ್ತಿ ಮಿಷನ್ ಇತ್ತು ಅಂತ ತೀರ್ಮಾನ ಮಾಡ್ಬಾರ್ದು. ಏನು ಸಿಕ್ತು ಅನ್ನೋದು ಬೇರೆ ಬರೀಬೇಕು, ತನಗೆ ಏನನ್ನಿಸ್ತು ಅನ್ನೋದು ಬೇರೆ ಬರೀಬೇಕು.

ಈಗ ನಿಮ್ಮ ಸಮಾಧಾನ ಕೆಡಿಸಿದ ವಿಷಯ. ನಿಮ್ಮ ತಮ್ಮ ಹೇಳಿದ್ದು ಸುಳ್ಳಲ್ಲ. ಹಾಟ್ ಕಾಫಿ ಅಂತ ಅದಕ್ಕೆ ಹೆಸರು. ಮಾಡೋ ಹೊತ್ತಲ್ಲಿ ಹೀರೋ ಮತ್ತೆ ಗೆಳತಿಯ ನಡುವಿನ ಒಂದು ಲೈಂಗಿಕ ಮಿನಿಗೇಮ್ ಇತ್ತು, ಆಮೇಲೆ ಅದು ಬೇಡ ಅಂತಾಯ್ತು, ಆದ್ರೆ ಅಳಿಸಲಿಲ್ಲ, ದಾರಿ ಮಾತ್ರ ಮುಚ್ಚಿದ್ರು, ನಾನು ಮೇಲೆ ಹೇಳಿದ್ನಲ್ಲ ಅದೇ ಥರ. 2005ರ ಜೂನ್‌ನಲ್ಲಿ ಪಿಸಿ ಆವೃತ್ತಿ ಬಂದ ಕೂಡ್ಲೇ ಒಂದು ಮಾಡ್, ಅಂದ್ರೆ ಆಟ ಬದಲಾಯಿಸೋಕೆ ಹೊರಗಿನವ್ರು ಮಾಡಿದ ಫೈಲು, ಆ ಬಾಗಿಲು ತೆರೀತು. ಇದು ಹೊರಗಿನವ್ರು ಸೇರಿಸಿದ್ದಲ್ಲ, ಡಿಸ್ಕಲ್ಲೇ ಇದೆ ಅಂತ ಗೊತ್ತಾದ ಮೇಲೆ ಅಮೆರಿಕದ ರೇಟಿಂಗ್ ಸಂಸ್ಥೆ ಜುಲೈನಲ್ಲಿ 17 ದಾಟಿದವ್ರಿಗೆ ಅಂತಿದ್ದ ರೇಟಿಂಗನ್ನ ವಯಸ್ಕರಿಗೆ ಮಾತ್ರ ಅಂತ ಬದಲಾಯಿಸ್ತು, ದೊಡ್ಡ ಅಂಗಡಿಗಳು ಮಾರೋದೇ ನಿಲ್ಲಿಸಿದ್ವು, ಮುಂದಿನ ಆವೃತ್ತಿಗಳಲ್ಲಿ ಆ ಬಾಗಿಲನ್ನ ಭದ್ರ ಮಾಡಿದ್ರು. ಸುಮ್ನೆ ಆಡಿದ್ರೆ ಅದು ಯಾವತ್ತೂ ಬರಲ್ಲ, ಬೇಕು ಅಂತ ಮಾಡ್ ಹಾಕಿದ್ರೆ ಮಾತ್ರ. ಇಷ್ಟು ವರ್ಷದ ಹಿಂದಿನ ಬೊಂಬೆ ಥರದ ಗ್ರಾಫಿಕ್ಸ್ ಅದು. ನಿಜ ಹೇಳ್ಬೇಕಂದ್ರೆ ಆ ಮಿನಿಗೇಮ್‌ಗಿಂತ ಆಟದಲ್ಲಿ ಎದುರಿಗೇ ಇರೋ ಹೊಡೆದಾಟ, ಬೈಗುಳ ಜಾಸ್ತಿ, ಅದನ್ನ ಅವನು ಈಗಾಗ್ಲೇ ನೋಡಿದಾನೆ. ಗದರಿಸೋದಕ್ಕಿಂತ, ನನಗೂ ಇದು ಗೊತ್ತು ಕಣೋ ಅಂತ ಒಂದು ಸಲ ನೇರವಾಗಿ ಹೇಳಿಬಿಡಿ, ಅದರ ಗುಟ್ಟಿನ ಆಕರ್ಷಣೆ ಅರ್ಧ ಅಲ್ಲೇ ಹೋಗುತ್ತೆ.

ಹ್ಯಾಕಿಂಗಾ ಅಂದ್ರಿ. ದುಡ್ಡು ಕೊಟ್ಟು ತಗೊಂಡ ಆಟ, ನಿಮ್ಮ ಮನೆ ಕಂಪ್ಯೂಟರಲ್ಲಿ, ಇಂಟರ್ನೆಟ್ ಆಟದ ಜೊತೆ ಸಂಬಂಧ ಇಲ್ದೆ ಬಿಚ್ಚಿ ನೋಡೋದು ಬೇರೆಯವರ ಮನೆಗೆ ನುಗ್ಗೋದಲ್ಲ. ನಮ್ಮ 1957ರ ಕಾಪಿರೈಟ್ ಕಾಯ್ದೆಯ ಸೆಕ್ಷನ್ 52ರಲ್ಲಿ ಒಂದು ಪ್ರೋಗ್ರಾಂ ಹೇಗೆ ಕೆಲಸ ಮಾಡುತ್ತೆ ಅಂತ ಗಮನಿಸೋಕೆ, ಅಧ್ಯಯನ ಮಾಡೋಕೆ, ನ್ಯಾಯವಾಗಿ ಪಡೆದ ಪ್ರತಿಯಿಂದ ಸ್ವಂತಕ್ಕೆ, ವ್ಯಾಪಾರಕ್ಕಲ್ಲದೆ, ಪ್ರತಿ ಮಾಡ್ಕೊಳ್ಳೋಕೆ ಜಾಗ ಬಿಟ್ಟಿದಾರೆ. ಅದೇ ಕಾಯ್ದೆಯ 65ಎ ಇದೆ, ಹಕ್ಕು ಉಲ್ಲಂಘನೆ ಮಾಡೋ ಉದ್ದೇಶದಿಂದ ಕಾಪಿ ತಡೆಯೋ ಲಾಕ್ ಒಡೆದ್ರೆ ಎರಡು ವರ್ಷದವರೆಗೆ ಜೈಲು. ಹಾಗಾಗಿ ನೋಡೋದು ಒಂದು, ತೆಗೆದು ಹಂಚೋದು ಇನ್ನೊಂದು. ಸಿಕ್ಕಿದ ಡೈಲಾಗ್ ಫೈಲುಗಳನ್ನ ಜಿಪ್ ಮಾಡಿ ಎಲ್ರಿಗೂ ಕೊಡೋದು, ಕ್ರ್ಯಾಕ್ ಮಾಡಿದ ಗೇಮ್ ಇಳಿಸೋದು, ಇವು ಬೇಡ. ಒಂದು ಕಾಲದಲ್ಲಿ ನ್ಯಾಷನಲ್ ಮಾರ್ಕೆಟ್‌ನಲ್ಲಿ ಸಿಗ್ತಿದ್ದಂಥ ನಕಲಿ ಸಿಡಿ ಆಗಿದ್ರೆ ಈ ರಿಯಾಯಿತಿ ಸಿಗಲ್ಲ, ತಮ್ಮನ ಡಿಸ್ಕ್ ಒರಿಜಿನಲ್ಲಾ ಅಂತ ನೋಡ್ಕೊಳ್ಳಿ.

ಗೆರೆ ದಾಟೋದು ಅಂದ್ರೆ ಏನು ಅಂತ ಗೊತ್ತಾಗ್ಬೇಕಂದ್ರೆ 2022ರ ಸೆಪ್ಟೆಂಬರ್ ನೆನಪು ಮಾಡಿ. ಜಿಟಿಎ 6ರ ಅರ್ಧಂಬರ್ಧ ಆಗಿದ್ದ 90 ವಿಡಿಯೊ ಲೀಕ್ ಆದ್ವು, ಕಂಪನಿಯ ಒಳಗಿನ ಸಿಸ್ಟಮ್‌ಗೆ ನುಗ್ಗಿ ತೆಗೆದಿದ್ದು, ಮಾಡಿದ್ದು ಇಂಗ್ಲೆಂಡಿನ ಒಬ್ಬ ಹದಿಹರೆಯದ ಹುಡುಗ, ಮಾಡಿದ್ದು ಅವನೇ ಅಂತ ಕೋರ್ಟಲ್ಲಿ ತೀರ್ಮಾನ ಆಯ್ತು. ಅವನೂ ನಿಮ್ಮ ಮಗನ ವಯಸ್ಸಿನವ್ನೇ. ಮಾಡಿದ ಕೆಲಸ ಮಾತ್ರ ಪೂರ್ತಿ ಬೇರೆ.

ಬಿಜಿಎಂಐ ಫ್ರೆಂಡ್ ವಿಷಯದಲ್ಲಿ ಹೆಚ್ಚು ಹೇಳೋದಿಲ್ಲ. ಆನ್‌ಲೈನ್ ಆಟದ ಫೈಲ್ ಬದಲಾಯಿಸಿದ್ರೆ ಎದುರಿಗೆ ಆಡೋ ನಿಜವಾದ ಜನಕ್ಕೆ ಅನ್ಯಾಯ ಆಗುತ್ತೆ, ಕುತೂಹಲಕ್ಕೆ ಮಾಡಿದ್ನಾ ಮೋಸಕ್ಕೆ ಮಾಡಿದ್ನಾ ಅಂತ ಸಿಸ್ಟಮ್‌ಗೆ ಗೊತ್ತಾಗಲ್ಲ, ಬ್ಯಾನ್ ಮಾಡುತ್ತೆ. ಆನ್‌ಲೈನ್ ಆಟಗಳನ್ನ ಮುಟ್ಬೇಡ ಅಂತ ಖಡಾಖಂಡಿತ ಹೇಳಿ.

ವೈರಸ್ ಬಗ್ಗೆ ಮಾತ್ರ ನನಗೂ ನಿಮ್ಮಷ್ಟೇ ಆತಂಕ ಇದೆ, ಪೊಲೀಸ್ ಕೇಸಿಗಿಂತ ಇದೇ ಹತ್ತಿರದ ಅಪಾಯ. ಬೇರೆ ಪ್ರೋಗ್ರಾಮಿನ ಮೆಮೊರಿ ಓದೋ ಟೂಲ್‌ಗಳನ್ನ ಆಂಟಿವೈರಸ್ ಅನುಮಾನದಿಂದ ನೋಡೋದು ಸಹಜ, ಎಷ್ಟೋ ಸಲ ಸುಳ್ಳು ಅಲಾರಂ. ಆದ್ರೆ ಗೇಮ್ ಟೂಲ್ ಹೆಸರಲ್ಲೇ ಬ್ರೌಸರಲ್ಲಿ ಸೇವ್ ಆಗಿರೋ ಪಾಸ್‌ವರ್ಡ್ ಕದಿಯೋ ಸಾಫ್ಟ್‌ವೇರ್ ಹಂಚೋರೂ ತುಂಬ ಜನ ಇದಾರೆ, ಅದೇ ಲ್ಯಾಪ್‌ಟಾಪಲ್ಲಿ ನಿಮ್ಮ ನೆಟ್ ಬ್ಯಾಂಕಿಂಗ್ ಇದ್ರೆ ಏನಾಗ್ಬಹುದು ಯೋಚನೆ ಮಾಡಿ. ಆಂಟಿವೈರಸ್ ಆಫ್ ಮಾಡಿ ಇನ್‌ಸ್ಟಾಲ್ ಮಾಡಿ ಅಂತ ಬರೆದಿದ್ರೆ, ಜಿಪ್‌ಗೆ ಪಾಸ್‌ವರ್ಡ್ ಇಟ್ಟಿದ್ರೆ, ಅಲ್ಲಿಗೇ ನಿಲ್ಲಿಸ್ಬೇಕು. ಈ ಕೆಲಸಕ್ಕೆ ಸಾಧಾರಣ ಟೂಲ್‌ಗಳೇ ಸಾಕು: ಫೈಲಿನ ಒಂದೊಂದು ಬೈಟನ್ನೂ ತೋರಿಸೋ ಒಂದು ಹೆಕ್ಸ್ ಎಡಿಟರ್, ಶಬ್ದ ಕೇಳೋಕೆ ಆಡಾಸಿಟಿ, ಕೋಡ್ ಓದೋ ಹುಮ್ಮಸ್ಸಿದ್ರೆ 2019ರಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಎನ್‌ಎಸ್‌ಎ ಉಚಿತವಾಗಿ ಬಿಟ್ಟ ಘೀಡ್ರಾ. ಇವನ್ನ ಮಾಡಿದವರ ಸ್ವಂತ ಜಾಗದಿಂದಲೇ ಇಳಿಸ್ಬೇಕು. ಆಗೋದಾದ್ರೆ ಎಸ್‌.ಪಿ. ರೋಡಲ್ಲಿ ಒಂದು ಹಳೇ ಲ್ಯಾಪ್‌ಟಾಪ್ ಕೊಡಿಸಿ, ಅದರಲ್ಲಿ ಬ್ಯಾಂಕು, ಯುಪಿಐ, ಮನೆಯವರ ಇಮೇಲ್ ಯಾವುದೂ ಇರ್ಬಾರ್ದು. ಕಳೆದ ವಾರ ಕೆಂಪು ತೋರಿಸಿದ ಲ್ಯಾಪ್‌ಟಾಪನ್ನ ಪೂರ್ತಿ ಸ್ಕ್ಯಾನ್ ಮಾಡಿ, ನಿಮ್ಮ ಪಾಸ್‌ವರ್ಡ್‌ಗಳನ್ನ ಬೇರೆ ಫೋನಿಂದ ಬದಲಾಯಿಸಿ. ಇದನ್ನ ಮುಂದೂಡ್ಬೇಡಿ.

ಬಿಡಿಸ್ಬೇಕಾ ಅಂದ್ರೆ, ಬೇಡ ಅಂತೀನಿ. ಪರೀಕ್ಷೆ ಇದೆ, ಟೈಮ್ ನೀವಿಬ್ರೂ ಕೂತು ಗೊತ್ತು ಮಾಡ್ಕೊಳ್ಳಿ, ಅದು ನಿಮ್ಮ ಮನೆ ವಿಷಯ. ಆದ್ರೆ ಅವನು ಮಾಡ್ತಿರೋದು ಕಷ್ಟದ ಓದು. 1992ರ ಸಾನಿಕ್ 2 ಅನ್ನೋ ಆಟದಿಂದ ಹಿಡನ್ ಪ್ಯಾಲೇಸ್ ಅನ್ನೋ ಒಂದು ಇಡೀ ಜಾಗ ಕೈಬಿಟ್ಟಿದ್ರು, ಅದರ ಚೂರುಗಳನ್ನ ಅಭಿಮಾನಿಗಳು ವರ್ಷಗಟ್ಟಲೆ ಹುಡುಕಿದ್ರು. 2013ರ ಮೊಬೈಲ್ ಆವೃತ್ತೀಲಿ ಅದು ಪೂರ್ತಿಯಾಗಿ ವಾಪಸ್ ಬಂತು, ಆ ಆವೃತ್ತಿ ಮಾಡಿದ ಪ್ರೋಗ್ರಾಮರ್‌ಗಳು ಅದೇ ಅಭಿಮಾನಿಗಳ ಗುಂಪಿಂದಲೇ ಬಂದವ್ರು. ನಮ್ಮ ಟೀಮಿಗೆ ಇಂಟರ್ವ್ಯೂ ಮಾಡುವಾಗ, ಆಟ ಎಷ್ಟು ಆಡಿದೀಯ ಅಂತ ನಾನು ಕೇಳಲ್ಲ, ಯಾವುದನ್ನಾದ್ರೂ ಬಿಚ್ಚಿ ನೋಡಿದೀಯಾ, ಏನು ಸಿಕ್ತು ಅಂತ ಕೇಳ್ತೀನಿ.

ಈಗ ಆ ಫೋನ್ ನಂಬರಿನ ವಿಷಯ. ಅದು ಹೇಗೆ ಒಳಗೆ ಬಂತು ಅಂತ ನಾನು ಊಹಿಸಬಲ್ಲೆ. ಸಣ್ಣ ಟೀಮು, ಲಾಗಿನ್ ಟೆಸ್ಟ್ ಮಾಡೋಕೆ ಯಾರೋ ಒಬ್ರು ತಮ್ಮದೇ ನಂಬರು, ಇಮೇಲ್ ಹಾಕ್ಕೊಂಡು, ರಿಲೀಸ್ ದಿನ ತೆಗೆಯೋಣ ಅಂತ ಬಿಟ್ಟಿರ್ತಾರೆ, ರಿಲೀಸ್ ದಿನ ಇನ್ನೇನೋ ಹೊತ್ತಿ ಉರೀತಿರುತ್ತೆ. ನನ್ನ ಕೈಯಿಂದ ಹೋದ ಒಂದು ಬಿಲ್ಡಲ್ಲೂ ಸಹೋದ್ಯೋಗಿ ಒಬ್ಬರ ಮನೆ ನಂಬರ್ ಹೀಗೇ ಉಳಿದು, ಎರಡು ವಾರ ಅವರ ತಾಯಿ ಗೊತ್ತಿಲ್ಲದವರ ಫೋನ್ ಎತ್ತಿ ಎತ್ತಿ ಸುಸ್ತಾದ್ರು. ನಾನೇ ಮನೆಗೆ ಹೋಗಿ ಕ್ಷಮೆ ಕೇಳ್ದೆ, ಅವ್ರು ಕಾಫಿ ಕೊಟ್ರು, ಅದು ನನಗೆ ಇನ್ನೂ ಜಾಸ್ತಿ ಚುಚ್ಚಿತು. ಆದ್ದರಿಂದ ವಿಡಿಯೊ ಬೇಡ ಅಂದೆ. ಪಾಸ್‌ವರ್ಡ್ ಕಣ್ಣಿಗೆ ಬಿತ್ತು ಅನ್ನೋದು ಅಪರಾಧ ಅಲ್ಲ, ಆದ್ರೆ ಅದನ್ನ ಹಾಕಿ ಒಳಗೆ ಹೋದ್ರೆ ಐಟಿ ಕಾಯ್ದೆಯ 43 ಮತ್ತು 66ನೇ ಸೆಕ್ಷನ್ ಬರುತ್ತೆ, ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ.

ಬದಲಿಗೆ ಅವನಿಂದ ಒಂದು ಮೇಲ್ ಬರೆಸಿ, ಆಟದ ಪ್ಲೇ ಸ್ಟೋರ್ ಪೇಜಲ್ಲಿ ಡೆವಲಪರ್ ಇಮೇಲ್ ಇರುತ್ತೆ. ಆ ನಂಬರಿಗೇ ಫೋನ್ ಮಾಡೋದು ಬೇಡ, ಗಾಬರಿಯಾಗ್ತಾರೆ. ಮೇಲ್ ಹೀಗಿದ್ರೆ ಸಾಕು:

"ನಮಸ್ಕಾರ. ನಾನು ಪಿಯುಸಿ ವಿದ್ಯಾರ್ಥಿ. ನಿಮ್ಮ ಆಟದ ಇಂಥ ಆವೃತ್ತಿಯ ಇಂಥ ಫೈಲಿನಲ್ಲಿ ಒಬ್ಬರ ಫೋನ್ ನಂಬರ್, ಇಮೇಲ್, ಪಾಸ್‌ವರ್ಡ್‌ನಂತೆ ಕಾಣುವ ಒಂದು ಸಾಲು ಉಳಿದಿದೆ. ನಾನು ಅದನ್ನು ಎಲ್ಲಿಯೂ ಬಳಸಿಲ್ಲ, ಯಾರಿಗೂ ಕೊಟ್ಟಿಲ್ಲ. ದಯವಿಟ್ಟು ಪಾಸ್‌ವರ್ಡ್ ಬದಲಾಯಿಸಿ, ಮುಂದಿನ ಅಪ್‌ಡೇಟಿನಲ್ಲಿ ಆ ಸಾಲು ತೆಗೆದುಬಿಡಿ."

ಆ ಸಾಲಿನ ಸ್ಕ್ರೀನ್‌ಶಾಟ್ ಹಾಕೋದು ಬೇಡ, ಫೈಲ್ ಹೆಸರು ಕೊಟ್ರೆ ಅವರಿಗೆ ಸಿಗುತ್ತೆ. ಎರಡು ಮೂರು ವಾರ ಕಾಯಿರಿ, ಒಂದು ಸಲ ನೆನಪಿಸಿ, ಏನೂ ಉತ್ತರ ಬರದಿದ್ರೆ ಇಂಥವನ್ನ ತಗೊಳ್ಳೋಕೆ ಅಂತಲೇ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ ಇದೆ, ಅಲ್ಲಿಗೆ ತಿಳಿಸ್ಬಹುದು. ಸಾಲು ತೆಗೆದ ಮೇಲೆ ಅದೇ ಆಟದಲ್ಲಿ ಸಿಕ್ಕಿರೋ ಬೇರೆ ಚಿತ್ರ, ಅರ್ಧ ಕಟ್ಟಿದ ಲೆವೆಲ್ ಏನಾದ್ರೂ ಇದ್ರೆ, ತೋರಿಸ್ಬಹುದಾ ಅಂತ ಅವರನ್ನೇ ಕೇಳಿ ವಿಡಿಯೊ ಮಾಡ್ಲಿ. ಸಣ್ಣ ಟೀಮ್‌ನವ್ರು ಸಾಮಾನ್ಯವಾಗಿ ಖುಷಿಯಿಂದ ಹೂಂ ಅಂತಾರೆ, ಆ ಲೆವೆಲ್ ಯಾಕೆ ಕೈಬಿಟ್ವಿ ಅಂತ ಅವರೇ ಕೂತು ಹೇಳಿದ್ರೂ ಹೇಳ್ಬಹುದು.